ಸುಳಿಯ ತಪ್ಪಲ್ಲ, ಕೈಯದು

ಬೆಳಿಗ್ಗೆ ಐದಕ್ಕೆ ಏಳುವುದು. ಐದೂಕಾಲಿಗೆ ಹಾಸಿಗೆ ಮಡಿಸಿರಬೇಕು. ಐದೂವರೆಗೆ ಒಂದು ಲೋಟ ಬಿಸಿನೀರು ಕುಡಿದು ಹೊಸಿಲು ದಾಟಿರಬೇಕು. ಹುಣಸೂರಿನ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಟೀಚರಾಗಿದ್ದವಳಿಗೆ ನಿವೃತ್ತಿಯ ಮರುದಿನವೂ ಈ ಕ್ರಮ ತಪ್ಪಲಿಲ್ಲ. ಪೀಪಿಯನ್ನು ಕೊರಳಿಗೆ ಹಾಕಿಕೊಂಡು ಬಾಗಿಲವರೆಗೆ ಬಂದು ನಿಂತೆ. ಹೋಗಲು ಮೈದಾನವಿಲ್ಲ ಎಂಬುದು ಆಗ ನೆನಪಾಯಿತು. ತೊಂಬತ್ತರ ದಶಕದ ಕೊನೆಯ ಒಂದು ಜೂನ್ ತಿಂಗಳು ಅದು. ಆ ವಾರ ಮುಗಿಯುವುದರೊಳಗೆ ಕುದುರೆ ಸವಾರಿ ಕಲಿಯುವುದೆಂದು ತೀರ್ಮಾನಿಸಿದೆ.

ಯಾಕೆಂದು ಕೇಳಿದವರಿಗೆ ಮಂಡಿನೋವಿಗೆ ಒಳ್ಳೆಯದಂತೆ ಎಂದೆ. ಅದು ಸುಳ್ಳು.

ನಮ್ಮಪ್ಪ ಹಿಂದಿನ ಕಾಲದಲ್ಲಿ ಕುದುರೆ ಪಡೆಯ ಸವಾರನಾಗಿದ್ದು, ಆಮೇಲೆ ಕಟ್ಟೆಮಳಲವಾಡಿಗೆ ಬಂದು ಬೇಸಾಯಕ್ಕೆ ನಿಂತವನು. ಬರುವಾಗ ಒಂದು ಮುದಿ ಕುದುರೆಯನ್ನೂ ತಂದಿದ್ದ. ಅಣ್ಣನಿಗೆ ಆಗ ಹನ್ನೆರಡು, ನನಗೆ ಎಂಟು. ದಿನಾ ಬೆಳಗ್ಗೆ ಅಣ್ಣನನ್ನು ಅದರ ಮೇಲೆ ಕೂರಿಸಿ ಕಣದಲ್ಲಿ ಸುತ್ತಿಸುತ್ತಿದ್ದ. ನಾನು ಕಣದ ಅಂಚಿನಲ್ಲಿ ನಿಂತು ಸುತ್ತು ಎಣಿಸುತ್ತಿದ್ದೆ. ಒಂದು ದಿನ, "ಅಪ್ಪ, ನಾನೂವೆ" ಅಂದೆ. ಅಪ್ಪ ನನ್ನ ಕೈಯನ್ನು ಹಿಡಿದು, ಅಂಗೈ ತಿರುಗಿಸಿ ನೋಡಿ, "ಹೆಣ್ಣಿನ ಕೈಲಿ ಲಗಾಮು ನಿಲ್ಲಾಕಿಲ್ಲ ಕಣಮ್ಮಿ. ನೀನು ಗಾಡಿ ಹೊಡಿ" ಅಂದ. ಬೈದು ಹೇಳಿದ್ದರೆ ಮರೆತುಬಿಡುತ್ತಿದ್ದೆನೇನೋ. ಪ್ರೀತಿಯಿಂದ ಹೇಳಿದ. ಅದಕ್ಕೇ ಐವತ್ತು ವರ್ಷ ಉಳಿಯಿತು. ಗಾಡಿ ಹೊಡೆದೆ. ಓದು ಮುಗಿಸಿ ಹುಣಸೂರು ಸೇರುವತನಕ ಗದ್ದೆಗೆ ಗೊಬ್ಬರ, ಮನೆಗೆ ಹುಲ್ಲು, ಎಲ್ಲಕ್ಕೂ ಎತ್ತಿನ ಹಗ್ಗ ಹಿಡಿದವಳು ನಾನೇ.

ಹುಣಸೂರಿನ ಬಸ್ ನಿಲ್ದಾಣದ ಎದುರು ಜಟಕಾಗಳು ಸಾಲಾಗಿ ನಿಲ್ಲುತ್ತಿದ್ದುದನ್ನು ನಾನು ಕಂಡಿದ್ದೇನೆ. ಆಟೋಗಳು ಬಂದ ಮೇಲೆ ಒಂದೊಂದೇ ಕಡಿಮೆಯಾಗಿ ಕೊನೆಗೆ ಒಬ್ಬ ಸಾಬರದು ಉಳಿದಿತ್ತು. ಜೋರು ಮಳೆಯ ದಿನಗಳಲ್ಲಿ ನನ್ನನ್ನು ಶಾಲೆಗೆ ಬಿಡುತ್ತಿದ್ದವರು ಅವರೇ. ಅವರ ತಂದೆ ಎಚ್.ಡಿ. ಕೋಟೆ ಕಡೆಯ ಸಾಹುಕಾರರಿಗೆ ಕುದುರೆ ಪಳಗಿಸಿ ಕೊಡುತ್ತಿದ್ದವರಂತೆ. ಸಾಬರು ನಡೆಯಲು ಕಲಿಯುವ ಮೊದಲೇ ಜೀನಿನ ಮೇಲೆ ಕೂತವರು. ಅವರೂ ಆ ವರ್ಷ ಗಾಡಿ ಬಿಚ್ಚಿದರು. ಲಾಯವಿದ್ದ ಜಾಗದಲ್ಲಿ ಮಗ ಪಂಕ್ಚರ್ ಅಂಗಡಿ ಹಾಕಿದ. ಕಂದು ಬಣ್ಣದ ಹೆಣ್ಣು ಕುದುರೆಯೊಂದು ಉಳಿಯಿತು.

"ಸಾಬ್ರೇ, ಕುದುರೆ ನನಗೆ ಕೊಡಿ" ಎಂದು ನೇರವಾಗಿ ಕೇಳಿದೆ.

"ಯಾತಕ್ಕೆ ಟೀಚರಮ್ಮ? ಮಕ್ಕಳಿಗೆ ತೋರ್ಸೋಕಾ?"

"ಹತ್ತಿ ಕೂರೋಕೆ."

ಅವರು ಎಲೆಅಡಿಕೆ ಜಗಿಯುವುದನ್ನು ನಿಲ್ಲಿಸಿದರು. "ನಿಮ್ಗೆ ವಯಸ್ಸೆಷ್ಟು?"

"ಐವತ್ತೆಂಟು. ಕುದುರೆಗೆ?"

"ಒಂಬತ್ತು."

"ಇಬ್ಬರದೂ ಸೇರಿ ಅರವತ್ತೇಳಾಯ್ತು. ನಿಮ್ಮೊಬ್ಬರದೇ ಎಷ್ಟು?"

"ಎಪ್ಪತ್ತು ಅಂತಾರೆ ಮನೇಲಿ."

"ಕಲಿಸೋಕೆ ನಿಮಗೆ ವಯಸ್ಸಾಯ್ತು ಅಂತ ನಾನೇನಾದ್ರೂ ಅಂದ್ನಾ?"

ಅವರು ನಕ್ಕುಬಿಟ್ಟರು. "ತಗೊಂಡೋಗಿ. ಹೊಟ್ಟೆ ತುಂಬ ಹುರುಳಿ ಹಾಕಿ, ನಂಗೆ ಅಷ್ಟೇ ಸಾಕು. ಆದ್ರೆ ಒಂದ್ ಮಾತು ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ಸಾಬ ಮುಚ್ಚಿಟ್ಟ ಅನ್ಬಾರ್ದು." ಕುದುರೆಯ ಜೂಲು ಮುಗಿಯುವಲ್ಲಿ, ಕುತ್ತಿಗೆಯ ಬುಡದಲ್ಲಿ, ಕೂದಲು ತಿರುಗಿ ಚಕ್ರವಾಗಿದ್ದುದನ್ನು ಬೆರಳಿಟ್ಟು ತೋರಿಸಿದರು. "ಈ ಸುಳಿ ನೋಡಿ. ಸವಾರನ್ನ ತಿನ್ನೋ ಸುಳಿ ಅಂತಾರೆ. ಗಾಡಿಗೆ ಹೂಡಿದ್ರೆ ಏನಿಲ್ಲ, ಬೆನ್ನು ಹತ್ತೋರಿಗೆ ಆಗಲ್ಲ ಅಂತಾರೆ."

"ನೀವೇನಂತೀರಿ?"

"ನನ್ನ ತಲೇಲಿ ಎರಡು ಸುಳಿ ಇದೆ ಟೀಚರಮ್ಮ. ಎರಡು ಮದ್ವೆ ಅಂತ ಭವಿಷ್ಯ ಹೇಳಿದ್ರು. ಆಗಿದ್ದು ಒಂದೇ. ಅದೇ ಸಾಕಾಗಿದೆ."

ನನ್ನ ಬಾಡಿಗೆ ಮನೆಯಲ್ಲಿ ಸೈಕಲ್ ನಿಲ್ಲಿಸಲೂ ಜಾಗವಿರಲಿಲ್ಲ. ಕುದುರೆಯನ್ನು ಕಟ್ಟೆಮಳಲವಾಡಿಗೆ ನಡೆಸಿಕೊಂಡು ಹೋಗಿ ಅಣ್ಣನ ಕೊಟ್ಟಿಗೆಯಲ್ಲಿ ಕಟ್ಟಿದೆವು. ಅಣ್ಣ ಎತ್ತು ಕೊಳ್ಳಲು ಕೆ.ಆರ್. ನಗರದ ಕಡೆ ಚುಂಚನಕಟ್ಟೆಯವರೆಗೂ ಹೋಗಿ, ಹಲ್ಲು ನೋಡುವ ಮೊದಲು ಸುಳಿ ನೋಡುವ ಮನುಷ್ಯ. ಕುದುರೆಯ ಸುತ್ತ ಒಂದು ಸುತ್ತು ಬಂದವನು ಕುತ್ತಿಗೆಯ ಹತ್ತಿರ ನಿಂತುಬಿಟ್ಟ.

"ಅಮ್ಮಿ, ಇದನ್ನ ಎಲ್ಲಿಂದ ತಂದ್ಯೋ ಅಲ್ಲಿಗೇ ಬುಟ್ಬುಟ್ಟು ಬಾ."

"ನಿನ್ನ ಎತ್ತಿನ ಪಕ್ಕ ಕಟ್ಟಲ್ಲ. ಆ ಮೂಲೇಲಿ ಕಟ್ತೀನಿ."

"ಮೂಲೇಲಿ ಕಟ್ಟಿದ್ರೆ ಸುಳಿ ಅಳಿಸೋಯ್ತದಾ?"

ಒಲೆಯ ಮುಂದಿದ್ದ ಅತ್ತಿಗೆ ಒಳಗಿನಿಂದಲೇ ಅಂದಳು: "ಕಟ್ಲಿ ಬುಡಿ. ನಿಮ್ಮ ತಂಗಿ ಹಟ ಹಿಡುದ್ರೆ ಸುಳಿ ತಾನಾಗೇ ಬಿಚ್ಕತದೆ."

ಅಂದಿನಿಂದ ನನ್ನ ದಿನಚರಿಗೆ ಮತ್ತೆ ಬೆನ್ನೆಲುಬು ಬಂತು. ಬೆಳಗಿನ ಮೊದಲ ಬಸ್ಸು, ಊರಿನ ಬಾಗಿಲಲ್ಲಿ ಇಳಿಯುವುದು, ಕುದುರೆಯ ಮೈ ಉಜ್ಜುವುದು, ಜೀನು ಬಿಗಿಯುವುದು, ಒಂದು ಗಂಟೆ ಸವಾರಿ, ಮತ್ತೆ ಮೈ ಉಜ್ಜುವುದು. ಗುರುವಾರ ಮತ್ತು ಭಾನುವಾರ ಸಾಬರು ಜೊತೆಗೆ ಬರುತ್ತಿದ್ದರು. ಬಿಳಿ ಪೈಜಾಮ, ಮೇಲೊಂದು ಗಂಡಸರ ಜುಬ್ಬ, ಡ್ರಿಲ್ಲಿನ ಕ್ಯಾನ್ವಾಸ್ ಬೂಟು ಹಾಕಿಕೊಂಡು ನಾನು ಕೆರೆ ಏರಿಯ ಮೇಲೆ ಹೊರಟರೆ ಕಟ್ಟೆಯ ಮೇಲೆ ಕೂತವರು, "ದಾರಿ ಬುಡ್ರಲಾ, ಮಾರಾಣಿಯೋರು ದಸರಾಕ್ ಒಂಟವ್ರೆ" ಎನ್ನುತ್ತಿದ್ದರು. ನಾನು ಕೊರಳಿನ ಪೀಪಿ ತೆಗೆದು ಒಂದು ಸಲ ಜೋರಾಗಿ ಊದುತ್ತಿದ್ದೆ. ಅವರಲ್ಲಿ ಅರ್ಧಕ್ಕರ್ಧ ಜನರ ಹೆಂಡತಿಯರು ನನ್ನ ಹತ್ತಿರ ಡ್ರಿಲ್ ಮಾಡಿದವರು. ಗಂಡಂದಿರೂ ಸುಮ್ಮನಾಗುತ್ತಿದ್ದರು.

ಸವಾರಿಯಲ್ಲಿ ಕೂರುವುದು ಕಷ್ಟವಲ್ಲ. ಬೆನ್ನು ನೆಟ್ಟಗಿಡುವುದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಷ್ಟ ಕೈಯದು. ಕೈಯಲ್ಲಿರುವ ಲಗಾಮಿನ ಆ ಕೊನೆಗೆ ಕುದುರೆಯ ಬಾಯಿದೆ. ಬಾಯೊಳಗೆ ಕಬ್ಬಿಣದ ಕಡಿವಾಣವಿದೆ. ನಮ್ಮ ಕೈ ಒಂದು ಅಂಗುಲ ತಪ್ಪಿದರೆ ಆ ಕಬ್ಬಿಣ ಅದರ ಒಸಡಿಗೆ ಬಡಿಯುತ್ತದೆ. ಬಡಿದಾಗಲೆಲ್ಲ ಅದು ತಲೆ ಎತ್ತಿ ಒಗೆಯುತ್ತದೆ. ನನ್ನ ಕುದುರೆ ಹತ್ತು ಹೆಜ್ಜೆಗೊಮ್ಮೆ ತಲೆ ಒಗೆಯುತ್ತಿತ್ತು.

ಮೊದಲ ದಿನವೇ ಸಾಬರು ಕೂಗಿದ್ದರು: "ಅರೆ, ಬಿಡ್ರೀ! ಬಿಚ್ರೀ ಅದನ್ನ! ಇದೇನು ಎತ್ತಿನ ಹಗ್ಗನಾ?" ನೋಡಿದರೆ ಲಗಾಮನ್ನು ಬಲ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡಿದ್ದೆ. ಯಾವಾಗ ಸುತ್ತಿಕೊಂಡೆನೋ ನನಗೇ ತಿಳಿಯದು. ಗಾಡಿ ಇಳಿಜಾರಿಗೆ ಬಂದಾಗ ಎತ್ತು ಜಗ್ಗದ ಹಾಗೆ ನಮ್ಮೂರಿನ ಎಲ್ಲರೂ ಹಗ್ಗವನ್ನು ಹೀಗೆಯೇ ಕೈಗೆ ಸುತ್ತಿಕೊಳ್ಳುತ್ತಾರೆ. ಬಿಚ್ಚಿದೆ. ಮರುದಿನ ಮತ್ತೆ ಸುತ್ತಿತ್ತು. ಬಿಚ್ಚಿದೆ. ಹದಿನೈದನೆಯ ದಿನ ಏರಿಯ ತಿರುವಿನಲ್ಲಿ ಟ್ರ್ಯಾಕ್ಟರೊಂದು ಹಾರನ್ ಹೊಡೆಯಿತು. ಕುದುರೆ ತಲೆ ಒಗೆದು ಪಕ್ಕಕ್ಕೆ ಹಾರಿತು. ನಾನು ಬಿದ್ದೆ. ಬೀಳುವುದು ದೊಡ್ಡದಲ್ಲ. ಮಣಿಕಟ್ಟಿಗೆ ಲಗಾಮು ಸುತ್ತಿತ್ತು, ಆದ್ದರಿಂದ ಕುದುರೆಯ ಜೊತೆ ನಾನೂ ನಾಲ್ಕು ಮಾರು ನೆಲದ ಮೇಲೆ ಹೋದೆ.

ಮಣಿಕಟ್ಟು ಬದನೆಕಾಯಿಯ ಹಾಗೆ ಊದಿತು. ಅತ್ತಿಗೆ ಬಿಸಿ ಹುಣಸೆ ಎಲೆ ಕಟ್ಟುತ್ತಿದ್ದಾಗ ಅಣ್ಣ ಜಗಲಿಯ ಮೇಲೆ ಅತ್ತಿಂದಿತ್ತ ನಡೆಯುತ್ತಿದ್ದ.

"ಯೋಳಿದ್ನೋ ಇಲ್ವೋ? ಸುಳಿ ಸುಮ್ನೆ ಬುಡ್ತದಾ? ಇವತ್ತು ಕೈ, ನಾಳೆ ಕುತ್ಗೆ. ಪಿರಿಯಾಪಟ್ಟಣದಲ್ಲಿ ಇಟ್ಟಿಗೆ ಗೂಡಿನೋನು ಒಬ್ಬವ್ನೆ, ಇಟ್ಟಿಗೆ ಗಾಡಿಗೆ ಕುದ್ರೆ ಬೇಕು ಅಂತಿದ್ದ. ಯೋಳಿ ಕಳಿಸ್ತೀನಿ."

ಇಟ್ಟಿಗೆ ಗಾಡಿಗೆ ಹೂಡಿದ ಕುದುರೆಗಳನ್ನು ನಾನು ನೋಡಿದ್ದೆ. ಹೆಗಲು ಕಿತ್ತು ಹೋಗಿರುತ್ತದೆ. ಎರಡು ಮಳೆಗಾಲ ಕಂಡರೆ ಹೆಚ್ಚು.

"ಬಿದ್ದಿದ್ದು ನನ್ನ ಕೈಯಿಂದ. ಸುಳಿಯಿಂದಲ್ಲ" ಅಂದೆ.

"ಕೊಟ್ಟಿಗೆ ನಂದು ಕಣಮ್ಮಿ. ಅಪಶಕುನದ್ದ ನಾನು ಇಟ್ಕಳಾಕಿಲ್ಲ."

"ಸಮಯ ಕೊಡು."

"ಎಷ್ಟು?"

ಹೊಲದಲ್ಲಿ ಹೊಗೆಸೊಪ್ಪು ಆಗತಾನೇ ಮೊಣಕಾಲುದ್ದ ಬಂದಿತ್ತು. ನಮ್ಮ ಕಡೆ ಕ್ಯಾಲೆಂಡರಿಗಿಂತ ಅದೇ ಸರಿಯಾದ ಲೆಕ್ಕ. ಸೊಪ್ಪು ಬಲಿಯಬೇಕು, ಮುರಿಯಬೇಕು, ಕಡ್ಡಿಗೆ ಕಟ್ಟಿ ಬ್ಯಾರನ್ ಎಂಬ ಬಿಸಿಗೂಡಿಗೆ ಏರಿಸಿ ಬೇಯಿಸಿ ಇಳಿಸಬೇಕು, ಹೀಗೆ ಐದಾರು ಕಂತು. "ಕೊನೇ ಬ್ಯಾರನ್ ಇಳಿಯೋತನಕ" ಅಂದೆ. "ಅವತ್ತು ನಿನ್ನ ಇಟ್ಟಿಗೆಯವನನ್ನೂ ಕರೆಸು. ಈ ಏರಿಯ ಆ ಕೊನೆ ಅರಳೀಮರದತನಕ ಹೋಗಿ ಬರ್ತೀನಿ. ಕುದುರೆ ಒಂದೇ ಒಂದು ಸಲ ತಲೆ ಒಗೆದರೂ ಹಗ್ಗವನ್ನು ನಾನೇ ಅವನ ಕೈಗೆ ಕೊಡ್ತೀನಿ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ, "ನಂಗ್ಯಾಕ್ ಯೋಳ್ತೀರಿ, ಇದು ನಿಮ್ಮಪ್ಪನ ಮನೆ ಹಟ" ಅಂದಳು.

ಊದಿದ ಕೈ ಇಳಿಯುವತನಕ ನಾನು ಸುಮ್ಮನೆ ಕೂರಲಿಲ್ಲ. ಚಟವೆಂದರೆ ಬೈದರೆ ಹೋಗುವುದಲ್ಲ. ಶಾಲೆಯಲ್ಲಿ ಬಲಗಾಲು ಮುಂದಿಡುವ ಹುಡುಗಿಗೆ "ಎಡ, ಎಡ" ಎಂದು ಕೂಗಿದರೆ ಅವಳು ಇನ್ನಷ್ಟು ಎಡವುತ್ತಾಳೆ. ಎಡಗಾಲನ್ನು ಸಾವಿರ ಸಲ ಇಡಿಸಬೇಕು, ಅಷ್ಟೇ. ಸಾಬರು ಲಗಾಮಿನ ಎರಡೂ ಬದಿಗೆ ಕೆಂಪು ಬಟ್ಟೆಯ ಗಂಟು ಹಾಕಿ, ಹಿಡಿಯುವ ಜಾಗ ಇದೇ ಎಂದು ಗುರುತು ಮಾಡಿದರು. ನಾನು ಹುಣಸೂರಿನ ಮನೆಯ ಕಿಟಕಿ ಸರಳಿಗೆ ಹಗ್ಗ ಕಟ್ಟಿ, ಅದಕ್ಕೂ ಕೆಂಪು ಗಂಟು ಹಾಕಿದೆ. ಕುರ್ಚಿಯ ಮೇಲೆ ಕೂತು ಹಗ್ಗ ಎತ್ತಿಕೊಳ್ಳುವುದು, ಗಂಟಿನಲ್ಲಿ ಹಿಡಿಯುವುದು, ಉಳಿದ ತುದಿಯನ್ನು ಬಲಕ್ಕೆ ಇಳಿಬಿಡುವುದು, ಕೆಳಗಿಡುವುದು. ಬೆಳಗ್ಗೆ ನೂರು, ಸಂಜೆ ನೂರು. ಪಕ್ಕದ ಮನೆಯಾಕೆ ಬಟ್ಟೆ ಒಣಹಾಕುತ್ತ, "ಟೀಚರಮ್ಮ, ಕಿಟಕಿ ಎಲ್ಲೂ ಓಡೋಗಾಕಿಲ್ಲ ಬುಡಿ, ಅಷ್ಟ್ಯಾಕ್ ಇಡ್ಕೊಂಡಿದೀರಿ?" ಎಂದಳು. ಓಡಿಹೋದರೆ ನಿಮಗೇ ಮೊದಲು ತಿಳಿಸುತ್ತೇನೆ ಎಂದೆ. ಇಪ್ಪತ್ತು ದಿನವಾದ ಮೇಲೆ ಕೈ ತಾನಾಗಿ ಗಂಟನ್ನು ಹುಡುಕಿತು. ಮಣಿಕಟ್ಟಿಗೆ ಮತ್ತೆಂದೂ ಲಗಾಮು ಸುತ್ತಲಿಲ್ಲ.

ಎರಡನೆಯದು, ಕೈ ಎದೆಯ ಮಟ್ಟಕ್ಕೆ ಏರುವುದು. ಕುದುರೆ ಸ್ವಲ್ಪ ಬಿರುಸಾದರೆ ಸಾಕು, ನನ್ನ ಎರಡೂ ಕೈ ಮೇಲಕ್ಕೆದ್ದುಬಿಡುತ್ತಿದ್ದವು. ಇದೂ ಗಾಡಿಯದೇ. ಗಾಡಿಯ ಮುಂದಿನ ಮೂಕಿಯ ಮೇಲೆ ಕೂತವನು ಎತ್ತಿನ ಬೆನ್ನ ಮೇಲಿಂದ ಹಗ್ಗ ಎಳೆಯಬೇಕಾದರೆ ಕೈ ಎತ್ತಲೇಬೇಕು. ಇದಕ್ಕೆ ಸಾಬರು ಅಣ್ಣನ ಸೊಪ್ಪಿನ ಕೊಟ್ಟಿಗೆಯಿಂದ ಹೊಗೆಸೊಪ್ಪು ಕಟ್ಟುವ ಕಡ್ಡಿಯೊಂದನ್ನು ತಂದು ಮೊಳದುದ್ದಕ್ಕೆ ಮುರಿದರು. ಲಗಾಮಿನ ಜೊತೆಗೆ ಅದನ್ನೂ ಎರಡು ಹೆಬ್ಬೆರಳುಗಳ ಕೆಳಗೆ ಅಡ್ಡಲಾಗಿ ಹಿಡಿಯಬೇಕು. ಜೀನಿನ ಮುಂಗಡೆಯ ಉಬ್ಬಿನ ಮೇಲೆ ನಾಲ್ಕು ಬೆರಳಷ್ಟು ಎತ್ತರದಲ್ಲಿ ಕಡ್ಡಿ ಮಟ್ಟವಾಗಿ ನಿಲ್ಲಬೇಕು. ಒಂದು ಕೈ ಎದ್ದರೆ ಕಡ್ಡಿ ವಾಲುತ್ತದೆ. ಹೆಬ್ಬೆರಳು ಮೇಲಿರದೆ ಅಂಗೈ ಕವುಚಿದರೆ ಕಡ್ಡಿ ಬಿದ್ದೇ ಹೋಗುತ್ತದೆ. ಕಡ್ಡಿ ಸುಳ್ಳು ಹೇಳುವುದಿಲ್ಲ. ಅಂಥ ಮೇಷ್ಟ್ರನ್ನು ಕಂಡರೆ ನನಗೆ ಗೌರವ. ಮೊದಲ ದಿನ ಮೂವತ್ತೊಂದು ಸಲ ಬಿತ್ತು. ಆಗಸ್ಟ್ ಕೊನೆಗೆ ಬೀಳುವುದು ನಿಂತಿತು.

ಕೈ ಸುತ್ತುವುದು ಹೋಯಿತು, ಏರುವುದು ಹೋಯಿತು. ಕುದುರೆ ಮಾತ್ರ ಹತ್ತು ಹೆಜ್ಜೆಗೊಮ್ಮೆ ತಲೆ ಒಗೆಯುತ್ತಲೇ ಇತ್ತು.

ಹೊಲದಲ್ಲಿ ಸೊಪ್ಪು ಮುರಿಯುವುದು ಶುರುವಾಗಿ ಎರಡು ಬ್ಯಾರನ್ ಇಳಿದಿದ್ದವು. ಅಣ್ಣ ದಿನಾ ಸಂಜೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತು, "ಇನ್ನು ನಾಕು ಬ್ಯಾರನ್ ಕಣಮ್ಮಿ", "ಇನ್ನು ಮೂರು" ಎನ್ನುತ್ತಿದ್ದ. ಒಂದು ಭಾನುವಾರ ಸಾಬರು ಬಹಳ ಹೊತ್ತು ಕಲ್ಲಿನ ಮೇಲೆ ಕೂತು ನನ್ನನ್ನೇ ನೋಡಿದರು. ಆಮೇಲೆ, "ಇಳೀರಿ" ಎಂದರು. ಕುದುರೆಯ ಬಾಯಿಂದ ಕಡಿವಾಣ ಬಿಚ್ಚಿ, ಅದರ ಕಬ್ಬಿಣವನ್ನು ತಮ್ಮ ಎರಡು ಮುಷ್ಟಿಯಲ್ಲಿ ಹಿಡಿದು ನನಗೆ ಬೆನ್ನು ಹಾಕಿ ನಿಂತರು.

"ಈಗ ನಾನೇ ಕುದುರೆ. ಹಿಂದೆ ಲಗಾಮು ಹಿಡ್ಕೊಳ್ಳಿ. ನಡೀತೀನಿ."

ನಡೆದರು. ಕುದುರೆ ನಡೆಯುವಾಗ ಹೆಜ್ಜೆ ಹೆಜ್ಜೆಗೂ ತಲೆಯನ್ನು ಮುಂದಕ್ಕೆ ಚಾಚಿ ಹಿಂದಕ್ಕೆ ತರುತ್ತದೆ. ಅವರೂ ಹಾಗೆಯೇ ಕೈಗಳನ್ನು ಚಾಚಿ ಚಾಚಿ ನಡೆದರು. ಏರಿಯ ಮೇಲೆ ಎಪ್ಪತ್ತರ ಮುದುಕ ಮುಂದೆ, ನಾನು ಹಿಂದೆ. ನೋಡಿದ ಹೆಂಗಸರು ಬಿಂದಿಗೆ ಇಳಿಸಿ ನಕ್ಕರು. ಇಪ್ಪತ್ತು ಹೆಜ್ಜೆಗೆ ಸಾಬರು ನಿಂತು ತಿರುಗಿದರು. ಅವರ ಬೆರಳ ಗಿಣ್ಣುಗಳು ಕೆಂಪಾಗಿದ್ದವು.

"ಟೀಚರಮ್ಮ, ನೀವು ಡ್ರಿಲ್ಲಲ್ಲಿ ನಿಲ್ಲೋ ಹಂಗೆ ಸಾವಧಾನ್ ನಿಂತಿದೀರಿ."

"ಅಂದ್ರೆ?"

"ಮುಷ್ಟಿ ಬಿಗಿ, ಮೊಣಕೈ ನೆಟ್ಟಗೆ. ನಾನು ಕೈ ಚಾಚಿದ್ರೆ ನಿಮ್ಮ ಕೈ ಬರಲ್ಲ. ಗೋಡೆಗೆ ಕಟ್ಟಿದಂಗೆ. ಹೆಜ್ಜೆ ಹೆಜ್ಜೆಗೂ ಏಟು ಬೀಳ್ತದೆ. ಪಾಪ, ಅದು ಹತ್ತು ಹೆಜ್ಜೆ ತಡ್ಕೊಳ್ತದಲ್ಲ, ಅದೇ ದೊಡ್ಡದು."

ಗಾಡಿಯ ಚಟವೆಂದಾಗ ನನಗೆ ಬೇಸರವಾಗಿರಲಿಲ್ಲ. ಇದು ಬೇರೆ. ಮೂವತ್ತು ವರ್ಷ ಸಾವಿರಾರು ಹುಡುಗಿಯರ ಮೊಣಕೈಯನ್ನು ನಾನು ಬೆತ್ತದ ತುದಿಯಿಂದ ಮುಟ್ಟಿ ನೆಟ್ಟಗೆ ಮಾಡಿದ್ದೇನೆ. ಮನೆಯಲ್ಲಿ ಕುಗ್ಗಿ ನಡೆಯುತ್ತಿದ್ದ ಮಕ್ಕಳು ಆ ಮೈದಾನದಲ್ಲಿ ತಲೆ ಎತ್ತಿ ನಿಂತದ್ದು ಆ ಸಾವಧಾನದಿಂದ. ಅದನ್ನು ತಪ್ಪು ಎನ್ನುವವರ ಜೊತೆ ನನಗೆ ಮಾತಿಲ್ಲ. "ನಿಮ್ಮ ಕುದುರೆಗೆ ಶಿಸ್ತಿಲ್ಲ, ಅದಕ್ಕೆ ನನ್ನ ಶಿಸ್ತು ಬಿಡಬೇಕಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಬಸ್ಸು ಹತ್ತಿದೆ. ಆ ಗುರುವಾರ ಸಾಬರಿಗೆ ಬರಬೇಡಿ ಎಂದು ಹೇಳಿಕಳಿಸಿದೆ.

ಆದರೆ ಅವರ ಕೆಂಪಾದ ಗಿಣ್ಣು ಕಣ್ಣಮುಂದಿನಿಂದ ಹೋಗಲಿಲ್ಲ. ಮನೆಯಲ್ಲಿ ಕನ್ನಡಿಯ ಮುಂದೆ ನಿಂತು ಮೊಣಕೈ ಮಡಿಸಿ ಸಡಿಲ ಬಿಟ್ಟು ನೋಡಿದೆ. ಎಂಟು ಎಣಿಸುವುದರೊಳಗೆ ಅದು ತಾನಾಗಿ ನೆಟ್ಟಗಾಯಿತು. ಮತ್ತೆ ಮಡಿಸಿದೆ, ಮತ್ತೆ ನೆಟ್ಟಗಾಯಿತು. ನಾನು ಬೇರೆಯವರಿಗೆ ಕಲಿಸಿದ್ದೇನೆ ಎಂದುಕೊಂಡಿದ್ದೆ. ನನ್ನ ಮೊಣಕೈಯೇ ಎಲ್ಲರಿಗಿಂತ ಚೆನ್ನಾಗಿ ಕಲಿತುಬಿಟ್ಟಿತ್ತು.

ಮುಂದಿನ ವಾರ ಕಟ್ಟೆಮಳಲವಾಡಿಗೆ ಹೋದಾಗ ಜೀನು ಬಿಗಿಯಲೂ ಮನಸ್ಸಾಗದೆ ಜಗಲಿಯ ಮೇಲೆ ಕೂತೆ. ಅಂಗಳದಲ್ಲಿ ಅತ್ತಿಗೆ ಮೊರದಲ್ಲಿ ಹುರುಳಿ ಕೇರುತ್ತಿದ್ದಳು. ಕುದುರೆಗೆಂದೇ ಕೇರುತ್ತಿದ್ದಳು. ಎಷ್ಟೋ ಸಾವಿರ ಸಲ ನೋಡಿದ ಕೆಲಸ. ಅಂದು ನಾನು ಅವಳ ಮೊಣಕೈ ನೋಡಿದೆ. ಎರಡೂ ಮೊಣಕೈ ಪಕ್ಕೆಗೆ ತಾಗಿಕೊಂಡಿದ್ದವು, ಆದರೆ ಬಿಗಿದಿರಲಿಲ್ಲ. ಮೊರ ಮುಂದಕ್ಕೆ ಹೋದಾಗ ಬಿಚ್ಚಿಕೊಳ್ಳುತ್ತಿದ್ದವು, ಕಾಳು ಬಂದು ಬಿದ್ದಾಗ ಮಡಚಿಕೊಳ್ಳುತ್ತಿದ್ದವು. ಹೆಬ್ಬೆರಳು ಮೇಲೆ, ಉಳಿದ ಬೆರಳು ಕೆಳಗೆ. ಹಿಡಿತ ಎಷ್ಟೆಂದರೆ ಮೊರ ಬೀಳಬಾರದು, ಅಷ್ಟೇ. ಹೊಟ್ಟು ಹಾರುತ್ತಿತ್ತು. ಒಂದು ಕಾಳೂ ಆಚೆ ಬೀಳುತ್ತಿರಲಿಲ್ಲ.

"ಅತ್ತಿಗೆ, ಮೊರ ಇಲ್ಲಿ ಕೊಡು."

"ನಿಂಗಾ? ನಿಮ್ಮವ್ವನೇ ಕಲ್ಸಾಕಾಗ್ದೆ ಕೈಬುಟ್ಟಿದ್ಲು."

ಇಸಿದುಕೊಂಡು ಕೇರಿದೆ. ಮೊದಲ ಏಟಿಗೇ ಅರ್ಧ ಪಾವು ಹುರುಳಿ ಕೋಳಿಗಳ ಪಾಲಾಯಿತು. ಅತ್ತಿಗೆ ಸೆರಗು ಬಾಯಿಗಿಟ್ಟು ನಕ್ಕಳು. "ಮೂವತ್ತು ವರ್ಸ ಪೀಪಿ ಊದಿ ಊದಿ ಕೈ ಒಂದು ದೊಣ್ಣೆ ಆಗ್ಬುಟ್ಟದೆ ಕಣಮ್ಮ ನಿಂದು. ಮೊರನ ಒಡೀಬೇಡ. ಅದು ಓದ ಕಡೆ ನೀನೂ ಓಗು, ಬಂದ ಕಡೆ ನೀನೂ ಬಾ."

ಹೆಣ್ಣಿನ ಕೈಲಿ ಲಗಾಮು ನಿಲ್ಲುವುದಿಲ್ಲ ಎಂದಿದ್ದನಲ್ಲ ಅಪ್ಪ, ಅವನ ಮನೆಯ ಅಂಗಳದಲ್ಲೇ ದಿನಕ್ಕೆರಡು ಹೊತ್ತು ಆ ಕೈ ಆಡುತ್ತಿತ್ತು. ಅವನು ನೋಡಿರಲಿಲ್ಲ. ಕಣದ ಅಂಚಿನಲ್ಲಿ ನಿಂತು ಸುತ್ತು ಎಣಿಸುತ್ತಿದ್ದ ನಾನೂ ನೋಡಿರಲಿಲ್ಲ.

ಸಾವಧಾನವನ್ನು ನಾನು ಬಿಡಲಿಲ್ಲ, ಈಗಲೂ ಬಿಟ್ಟಿಲ್ಲ. ಮೈದಾನದಲ್ಲಿ ಅದು ಸರಿ, ಕುದುರೆಯ ಮೇಲೆ ತಪ್ಪು. ಅಷ್ಟನ್ನು ಒಪ್ಪಲು ನನಗೆ ಒಂದು ವಾರ ಹಿಡಿಯಿತು. ಒಪ್ಪಿದ ಮೇಲೆ ಉಳಿದದ್ದು ಎಣಿಕೆಯ ಕೆಲಸ. ದಿನಾ ಬೆಳಗ್ಗೆ ಕುದುರೆಯ ಹುರುಳಿಯನ್ನು ನಾನೇ ಕೇರಿದೆ. ಕೇರಿದ ಕೈಯಲ್ಲೇ, ಆ ಲಯ ಆರುವ ಮೊದಲೇ, ಲಗಾಮು ಹಿಡಿದು ಹತ್ತಿದೆ. ಸಾಬರಿಗೆ ಕ್ಷಮಾಪಣೆ ಎಂದು ಒಂದು ಪಂಚೆ ಕೊಟ್ಟು ಮತ್ತೆ ಕರೆತಂದೆ. ಅವರು ಕಲ್ಲಿನ ಮೇಲೆ ಕೂತು ಒಂದೇ ಮಾತು ಕೂಗುತ್ತಿದ್ದರು: "ಮೊಣಕೈ!" ಎಂಟು ಎಣಿಕೆಗೊಮ್ಮೆ ನೆಟ್ಟಗಾಗುತ್ತಿದ್ದದ್ದು ಇಪ್ಪತ್ತಕ್ಕೊಮ್ಮೆಯಾಯಿತು, ಐವತ್ತಕ್ಕೊಮ್ಮೆಯಾಯಿತು. ಕುದುರೆಯ ಕಿವಿ ಮೊದಲು ಸಡಿಲವಾಯಿತು, ಆಮೇಲೆ ಕುತ್ತಿಗೆ.

ಕೊನೆಯ ಬ್ಯಾರನ್ ಇಳಿದ ದಿನ ಇಡೀ ಮನೆ ಹದವಾಗಿ ಬೆಂದ ಸೊಪ್ಪಿನ ವಾಸನೆಯಿಂದ ತುಂಬಿತ್ತು. ಪಿರಿಯಾಪಟ್ಟಣದ ಇಟ್ಟಿಗೆಯವನು ಹೆಗಲ ಮೇಲೆ ಹೊಸ ಹಗ್ಗ ಹಾಕಿಕೊಂಡು ಬಂದಿದ್ದ. ಬಂದವನೇ ಕುದುರೆಯ ಹೆಗಲನ್ನು ಅಂಗೈಯಿಂದ ತಟ್ಟಿ ನೋಡಿದ. ಸಾಬರು ಕಲ್ಲಿನ ಮೇಲೆ ಕೂರದೆ ನಿಂತೇ ಇದ್ದರು. ನಾನು ಹುರುಳಿ ಕೇರಿ, ಕೈ ಒರೆಸಿಕೊಂಡು ಹತ್ತಿದೆ.

ಹೋಗುವಾಗ ಏನೂ ಆಗಲಿಲ್ಲ. ಅರಳೀಮರ ಸುತ್ತಿ ತಿರುಗಿದೆ. ಏರಿಯ ನಡುವಿಗೆ ಬಂದಿದ್ದೆ. ಎದುರಿನಿಂದ ಟ್ರ್ಯಾಕ್ಟರ್ ಬಂತು, ಅದೇ ಹಾರನ್ ಹೊಡೆಯಿತು. ನನ್ನ ಕೈ ಎದ್ದಿತು. ಸುಳ್ಳು ಹೇಳುವುದಿಲ್ಲ, ಎದೆಯವರೆಗೆ ಎದ್ದಿತು, ಮೊಣಕೈಯೂ ಬಿಗಿಯಿತು. ಕುದುರೆಯ ಕುತ್ತಿಗೆ ನನ್ನ ಮುಂದೆ ಗಟ್ಟಿಯಾದದ್ದು ಕಾಣಿಸಿತು. ಇನ್ನೊಂದು ಕ್ಷಣಕ್ಕೆ ತಲೆ ಒಗೆಯುತ್ತಿತ್ತು. ಆದರೆ ಯಾರೂ ಕೂಗದೆಯೇ ಮೊಣಕೈ ಪಕ್ಕೆಗೆ ಬಂದು ಕೂತಿತು. ಕೈ ಇಳಿಯಿತು, ಮುಂದಕ್ಕೆ ಹೋಯಿತು. ಕುದುರೆ ಮೂಗಿನಿಂದ ಒಮ್ಮೆ ಜೋರಾಗಿ ಉಸಿರು ಬಿಟ್ಟು, ಟ್ರ್ಯಾಕ್ಟರಿಗೆ ದಾರಿ ಕೊಟ್ಟು ನಡೆಯಿತು.

ಅಣ್ಣನ ಮುಂದೆ ನಿಲ್ಲಿಸಿ ಇಳಿದೆ. ಅವನು ಒಪ್ಪಲಿಲ್ಲ.

"ಇವತ್ತು ಅದು ಮಂಕಾಗ್ಬುಟ್ಟದೆ. ತತ್ತಾ ಇಲ್ಲಿ." ಪಂಚೆ ಎತ್ತಿ ಕಟ್ಟಿ ಹತ್ತಿದ. ಅರವತ್ತೆರಡರಲ್ಲೂ ಚೆನ್ನಾಗಿ ಹತ್ತಿದ. ಹತ್ತಿ ಅಪ್ಪ ಕಲಿಸಿದಂತೆಯೇ ಹಿಡಿದ: ಮುಷ್ಟಿ ಬಿಗಿ, ಕೈ ಎದೆಗೆ, ಕುದುರೆಯ ತಲೆ ಮೆರವಣಿಗೆಯಲ್ಲಿದ್ದಂತೆ ಮೇಲಕ್ಕೆ. ಎಂಟು ವರ್ಷದವಳಾಗಿ ಕಣದ ಅಂಚಿನಿಂದ ಆಸೆಪಟ್ಟು ನೋಡುತ್ತಿದ್ದ ಕೈ ಅದೇ. ಆರನೆಯ ಹೆಜ್ಜೆಗೆ ಕುದುರೆ ತಲೆ ಒಗೆಯಿತು. ಹತ್ತನೆಯದಕ್ಕೆ ಮತ್ತೊಮ್ಮೆ. ಆಮೇಲೆ ಹಿಂದಕ್ಕೆ ಹಿಂದಕ್ಕೆ ಸರಿದು ಸೊಪ್ಪಿನ ಕೊಟ್ಟಿಗೆಯ ಗೋಡೆಗೆ ಬೆನ್ನು ಕೊಟ್ಟು ನಿಂತಿತು. ಅಣ್ಣ ತಾನಾಗಿ ಇಳಿದ.

ಸಾಬರು ಮೆಲ್ಲಗೆ, "ಯಜಮಾನ್ರೇ, ತಪ್ಪು ಸುಳೀದೇ ಆಗಿದ್ರೆ ಇಬ್ರಿಗೂ ಒಂದೇ ಥರ ಕುಣೀಬೇಕಾಗಿತ್ತಲ್ವಾ?" ಎಂದರು.

ಇಟ್ಟಿಗೆಯವನು ಹಗ್ಗವನ್ನು ಹೆಗಲಿಗೆ ಸರಿಯಾಗಿ ಏರಿಸಿಕೊಂಡು, "ಆಳು ನೋಡ್ಕೊಂಡು ತಿರ್ಗೋ ಸುಳಿ ಕಣಣ್ಣೋ ಇದು. ನಂಗ್ ಬ್ಯಾಡ" ಎಂದು ಬಸ್ಸಿನ ಹೊತ್ತು ಕೇಳಿದ.

ಅಣ್ಣ ನನ್ನ ಕಡೆ ನೋಡಲಿಲ್ಲ. ಅತ್ತಿಗೆಯ ಕಡೆ ತಿರುಗಿ, "ಕುದ್ರೆಗೆ ಹುರುಳಿ ನೆನಾಕಿದ್ದೀಯಾ?" ಅಂದ. ಇಲ್ಲ ಎಂದಳು. "ಅಂಗಾದ್ರೆ ನಾನೇ ಆಕ್ತೀನಿ ಬುಡು" ಎಂದು ಒಳಗೆ ಹೋದ. ಆ ಮನೆಯಲ್ಲಿ ತಪ್ಪಾಯಿತು ಎನ್ನುವ ಮಾತಿಗೆ ಅದಕ್ಕಿಂತ ಹತ್ತಿರ ಯಾರೂ ಹೋದದ್ದನ್ನು ನಾನು ಕಂಡಿಲ್ಲ. ಅಷ್ಟಕ್ಕೇ ನಾನು ಬಿಡಲಿಲ್ಲ. ಹಿಂದಿನಿಂದ, "ಬೆಳಗ್ಗೆ ಐದಕ್ಕೆ ಸರಿಯಾಗಿ ಹಾಕಬೇಕು, ಐದೂಕಾಲಿಗಲ್ಲ" ಎಂದು ಕೂಗಿ ಹೇಳಿದೆ.

ಆ ಕುದುರೆ ಅದೇ ಕೊಟ್ಟಿಗೆಯಲ್ಲಿ, ಅದೇ ಸುಳಿಯೊಂದಿಗೆ, ಇನ್ನೂ ಒಂಬತ್ತು ವರ್ಷ ಬದುಕಿತು.

ಇಟ್ಟಿಗೆಯವನು ಬಂದುಹೋಗಿ ಒಂದು ತಿಂಗಳಾಗಿರಬೇಕು. ಒಂದು ಬೆಳಗ್ಗೆ ಬಸ್ಸು ಬೇಗ ಬಂದು, ನಾನು ಎಂದಿಗಿಂತ ಹತ್ತು ನಿಮಿಷ ಮುಂಚೆ ಕೊಟ್ಟಿಗೆಯ ಹಿಂಬದಿಗೆ ಹೋದೆ. ಅಣ್ಣ ಗೋಡೆಯ ಗೂಟಕ್ಕೆ ಸೆಣಬಿನ ಹಗ್ಗ ಕಟ್ಟಿ, ಬೋರಲು ಹಾಕಿದ ಒರಳಿನ ಮೇಲೆ ಕೂತು, ಎರಡು ಕೈಯಲ್ಲಿ ಅದನ್ನು ಹಿಡಿದಿದ್ದ. ಹಗ್ಗಕ್ಕೆ ಎರಡು ಗಂಟು. ಹೆಬ್ಬೆರಳು ಮೇಲಿತ್ತು. ಕೈ ಎತ್ತರ ಸರಿಯಾಗಿತ್ತು. ತುಟಿ ಅಲುಗುತ್ತಿತ್ತು, ಎಣಿಸುತ್ತಿದ್ದ. ನಾನು ಸದ್ದು ಮಾಡದೆ ಇಪ್ಪತ್ತರವರೆಗೆ ನೋಡಿದೆ.

"ಮೊಣಕೈ" ಅಂದೆ.

ಅವನು ತಿರುಗಿ ನೋಡಲಿಲ್ಲ. ಮೊಣಕೈಯನ್ನು ಮಾತ್ರ ಪಕ್ಕೆಗೆ ತಂದು ಸಡಿಲ ಬಿಟ್ಟ. ಎಣಿಕೆ ಮುಂದುವರಿಯಿತು.